ಒಂದೇ ಕಣ್ಣಿನ ಸಾರಥಿ



ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರುಗಳಿಂದ ಹೆದ್ದಾರಿಯ ಕಡೆಗೆ ಹೊರಡುವ ಬೈಕುಗಳನ್ನು ನೀವು ದಿನವೂ ನೋಡುತ್ತೀರಿ. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಮಗು. ಹೆಲ್ಮೆಟ್ ಇದ್ದರೆ ಅದು ಪೆಟ್ರೋಲ್ ಟ್ಯಾಂಕಿನ ಮೇಲಿರುತ್ತದೆ, ಇಲ್ಲವೇ ಕನ್ನಡಿಗೆ ನೇತುಬಿದ್ದಿರುತ್ತದೆ. ಪೊಲೀಸರು ಕಂಡಾಗ ಮಾತ್ರ ತಲೆಗೆ ಏರುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಅಂಚಿನಲ್ಲಿ ಬಾಳುವ ನಮ್ಮ ಜನರಿಗೆ ಅಪಘಾತದ ಸುದ್ದಿ ಹೊಸದಲ್ಲ. ಸತ್ತವರಿಗಾಗಿ ನಾವು ಅಳುತ್ತೇವೆ, ಪ್ರಾರ್ಥಿಸುತ್ತೇವೆ, ಮಣ್ಣು ಕೊಟ್ಟು ಬರುತ್ತೇವೆ. ಆದರೆ ತಲೆಗೆ ಪೆಟ್ಟು ಬಿದ್ದು ಬದುಕಿ ಬಂದವರ ಮನೆಯಲ್ಲಿ ಮುಂದೆ ಏನು ನಡೆಯುತ್ತದೆ ಎಂಬುದನ್ನು ನಾವು ಕೇಳುವುದು ಕಡಿಮೆ.

ಅಂಥ ಮನೆಯೊಂದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಮಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ, ಕಣ್ಣುಗಳು ನೋಡಲು ಚೆನ್ನಾಗಿಯೇ ಇವೆ. ಆದರೆ ಅವನು ಬಾಗಿಲ ಚೌಕಟ್ಟಿಗೆ ಹಾಯುತ್ತಾನೆ. ತಟ್ಟೆಯ ಒಂದು ಬದಿಯ ರೊಟ್ಟಿ ತಿಂದು ಇನ್ನೊಂದು ಬದಿಯ ಪಲ್ಯ ಮುಟ್ಟದೆ ಏಳುತ್ತಾನೆ. ಚಹಾದ ಲೋಟ ಕೊಟ್ಟರೆ ಕೈ ಬೇರೆಲ್ಲೋ ಹೋಗುತ್ತದೆ. ಮೊದಲಿಲ್ಲದ ಸಿಟ್ಟು ಈಗ ಬಂದಿದೆ. ನೆರೆಯವರು ಕುಡಿದಿದ್ದಾನೆ ಎನ್ನುತ್ತಾರೆ. ಯಾರೋ ಗಾಳಿ ಸೋಕಿದೆ ಎನ್ನುತ್ತಾರೆ. ಕೊನೆಗೆ ಹೆತ್ತ ತಾಯಿಯೇ ಇವನು ನನ್ನ ಮಗನಲ್ಲ, ಬೇರೆ ಯಾರೋ ಆಗಿಬಿಟ್ಟಿದ್ದಾನೆ ಎಂದು ಕಣ್ಣೀರಿಡುತ್ತಾಳೆ.

ಇಂಥ ಮನೆಗಳನ್ನು ನೆನೆದು ಈ ವಾರ ಒಬ್ಬನ ಜೀವನಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಈತ ಸಂತನಲ್ಲ, ಪಂಡಿತನಲ್ಲ, ಸೇನಾಪತಿಯೂ ಅಲ್ಲ. ರೈಲು ಹಳಿಗಾಗಿ ಬಂಡೆ ಒಡೆಯುತ್ತಿದ್ದ ಕೂಲಿಗಾರರ ಮೇಸ್ತ್ರಿ. ಆದರೂ ಜಗತ್ತಿನ ಯಾವುದೇ ಭಾಗದಲ್ಲಿ ಮೆದುಳಿನ ಬಗ್ಗೆ ಪಾಠ ನಡೆದರೆ ಈತನ ಹೆಸರು ಬಂದೇ ಬರುತ್ತದೆ. ಅವನೇ ಅಮೆರಿಕದ ಫಿನಿಯಾಸ್ ಗೇಜ್.

ಗೇಜ್ ಹುಟ್ಟಿದ್ದು 1823ರ ಜುಲೈ 9ರಂದು, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ. ತಂದೆ ಜೆಸ್ಸಿ, ತಾಯಿ ಹನ್ನಾ. ಐದು ಮಕ್ಕಳಲ್ಲಿ ಅವನೇ ಹಿರಿಯ. ಬೆಳೆದದ್ದು ಬೇಸಾಯಗಾರರ ನಾಡಿನಲ್ಲಿ. ದೊಡ್ಡ ಓದು ಇರಲಿಲ್ಲ, ಆದರೆ ದೇಹಬಲವಿತ್ತು, ಬುದ್ಧಿ ಚುರುಕಾಗಿತ್ತು. ಯುವಕನಾದಾಗ ರೈಲು ದಾರಿ ನಿರ್ಮಿಸುವ ಗುತ್ತಿಗೆದಾರರ ಬಳಿ ಸೇರಿ, ಬಂಡೆ ಸಿಡಿಸುವ ತಂಡಕ್ಕೆ ಮೇಸ್ತ್ರಿಯಾದ. ಅವನಷ್ಟು ಸಮರ್ಥನೂ ನಂಬಿಗಸ್ತನೂ ಆದ ಮೇಸ್ತ್ರಿ ತಮ್ಮಲ್ಲಿ ಬೇರೆ ಇಲ್ಲವೆಂದು ಗುತ್ತಿಗೆದಾರರು ಮೆಚ್ಚಿಕೊಂಡಿದ್ದರು.

ಬಂಡೆ ಸಿಡಿಸುವ ಕೆಲಸ ನಮ್ಮ ಕಲ್ಲುಗಣಿಗಳ ಸುತ್ತ ಇರುವವರಿಗೆ ಗೊತ್ತಿರುವಂಥದೇ. ಬಂಡೆಯಲ್ಲಿ ಆಳವಾದ ತೂತು ಕೊರೆಯಬೇಕು, ಅದಕ್ಕೆ ಕರಿಮದ್ದು ಸುರಿದು ಬತ್ತಿ ಇಡಬೇಕು, ಮೇಲೆ ಮರಳು ತುಂಬಬೇಕು, ಆ ಮರಳನ್ನು ಕಬ್ಬಿಣದ ಸಲಾಕೆಯಿಂದ ಗಟ್ಟಿಯಾಗಿ ಜಡಿಯಬೇಕು. ಆಗ ಮದ್ದಿನ ಬಲ ಮೇಲಕ್ಕೆ ಹಾರದೆ ಬಂಡೆಯೊಳಕ್ಕೆ ನುಗ್ಗುತ್ತದೆ. ಗೇಜ್ ತನಗೆ ಬೇಕಾದ ಹಾಗೆ ಒಂದು ಸಲಾಕೆಯನ್ನು ಕಮ್ಮಾರನಿಂದ ಮಾಡಿಸಿಕೊಂಡಿದ್ದ. ಉದ್ದ 3 ಅಡಿ 7 ಅಂಗುಲ, ದಪ್ಪ ಒಂದೂಕಾಲು ಅಂಗುಲ, ತೂಕ ಸುಮಾರು 6 ಕಿಲೋ. ಒಂದು ತುದಿ ಮಾತ್ರ ಈಟಿಯಂತೆ ಸಣ್ಣದಾಗುತ್ತ ಹೋಗಿತ್ತು.

1848ರ ಸೆಪ್ಟೆಂಬರ್ 13, ಬುಧವಾರ. ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಎಂಬ ಊರಿನ ಹೊರಗೆ ರಟ್‌ಲೆಂಡ್ ಮತ್ತು ಬರ್ಲಿಂಗ್ಟನ್ ರೈಲು ದಾರಿಯ ಕೆಲಸ ನಡೆದಿತ್ತು. ಸಂಜೆ ಸುಮಾರು ನಾಲ್ಕೂವರೆ. ತೂತಿಗೆ ಮದ್ದು ಬಿದ್ದಿತ್ತು, ಮರಳು ಇನ್ನೂ ಬಿದ್ದಿರಲಿಲ್ಲ. ಹಿಂದೆ ಇದ್ದ ಆಳುಗಳ ಕಡೆಗೆ ಗೇಜ್ ಒಂದು ಕ್ಷಣ ತಿರುಗಿದ. ಆ ಒಂದು ಕ್ಷಣದಲ್ಲಿ ಕೈಯಲ್ಲಿದ್ದ ಸಲಾಕೆ ಬಂಡೆಗೆ ತಾಗಿ ಕಿಡಿ ಹಾರಿತು. ಮದ್ದು ಸಿಡಿಯಿತು. ಸಲಾಕೆ ಬಂದೂಕಿನಿಂದ ಹೊರಟ ಗುಂಡಿನಂತೆ ಅವನ ಎಡಗೆನ್ನೆಯನ್ನು ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾಯ್ದು, ಮೆದುಳಿನ ಮುಂಭಾಗವನ್ನು ಸೀಳಿ, ನೆತ್ತಿಯಿಂದ ಹೊರಬಿದ್ದು, ಸುಮಾರು 80 ಅಡಿ ದೂರಕ್ಕೆ ಹೋಗಿ ಬಿತ್ತು. ಆಗ ಅವನಿಗೆ 25 ವರ್ಷ.

ಆಳುಗಳು ಓಡಿ ಬಂದರು. ಸತ್ತನೆಂದೇ ಎಲ್ಲರೂ ತಿಳಿದರು. ಆದರೆ ಕೆಲವೇ ನಿಮಿಷಗಳಲ್ಲಿ ಗೇಜ್ ಮಾತನಾಡಿದ. ಅವನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿದರು. ನಮ್ಮ ಚಕ್ಕಡಿಯಂಥ ಆ ಗಾಡಿಯಲ್ಲಿ ನೆಟ್ಟಗೆ ಕುಳಿತೇ, ಮುಕ್ಕಾಲು ಮೈಲಿ ದೂರದ ಊರಿನಲ್ಲಿದ್ದ ತನ್ನ ವಸತಿಗೃಹಕ್ಕೆ ಬಂದ. ಸ್ವಲ್ಪವೇ ಆಸರೆ ಪಡೆದು ಇಳಿದ. ವೈದ್ಯ ಎಡ್ವರ್ಡ್ ವಿಲಿಯಮ್ಸ್ ಬಂದಾಗ ಅವನು ವರಾಂಡದ ಕುರ್ಚಿಯಲ್ಲಿ ಕುಳಿತು ನೆರೆದವರಿಗೆ ನಡೆದುದನ್ನು ವಿವರಿಸುತ್ತಿದ್ದ. ವೈದ್ಯರು ಮೊದಲು ಅದನ್ನು ನಂಬಲೇ ಇಲ್ಲ. ನೆತ್ತಿಯ ಗಾಯದಲ್ಲಿ ಮೆದುಳು ಮಿಡಿಯುವುದು ಕಂಡಾಗ ನಂಬದೆ ಗತಿಯಿರಲಿಲ್ಲ.

ಸಂಜೆ ಆರರ ಸುಮಾರಿಗೆ ಡಾಕ್ಟರ್ ಜಾನ್ ಮಾರ್ಟಿನ್ ಹಾರ್ಲೋ ಬಂದರು. ಹಳ್ಳಿಯ ವೈದ್ಯರು, 1819ರಲ್ಲಿ ಹುಟ್ಟಿದವರು. ನಮ್ಮ ಶಿಗ್ಗಾವಿ ಸೀಮೆಯ ಶಿಶುನಾಳ ಶರೀಫರು ಹುಟ್ಟಿದ್ದೂ ಅದೇ ವರ್ಷ. ಕಾಲ ಎಷ್ಟು ಹಿಂದಿನದೆಂದು ಇದರಿಂದ ಅಂದಾಜಿಸಿಕೊಳ್ಳಿ. ಗಾಯಕ್ಕೆ ರೋಗಾಣು ಸೇರಿ ಕೀವಾಗುತ್ತದೆ ಎಂಬ ತಿಳಿವಳಿಕೆ ಆಗ ವೈದ್ಯರಿಗೂ ಇರಲಿಲ್ಲ. ಲಿಸ್ಟರ್ ಎಂಬ ಶಸ್ತ್ರವೈದ್ಯರು ಗಾಯ ತೊಳೆಯುವ ಕ್ರಮವನ್ನು ಪ್ರಕಟಿಸಿದ್ದು 1867ರಲ್ಲಿ. ಹಾರ್ಲೋ ಬಳಿ ಇದ್ದದ್ದು ಎರಡು ಕೈ, ತಾಳ್ಮೆ ಮತ್ತು ಸಾಮಾನ್ಯ ಜ್ಞಾನ. ಅವರು ಒಡೆದ ಎಲುಬಿನ ಚೂರುಗಳನ್ನು ತೆಗೆದರು, ರಕ್ತ ನಿಲ್ಲಿಸಿದರು, ಗಾಯವನ್ನು ಪೂರ್ತಿ ಮುಚ್ಚದೆ ಒಳಗಿನ ಕೊಳೆ ಹೊರಗೆ ಹರಿಯಲು ದಾರಿ ಬಿಟ್ಟು ಪಟ್ಟಿ ಕಟ್ಟಿದರು. ಎರಡೇ ದಿನದಲ್ಲಿ ಕೆಲಸಕ್ಕೆ ಮರಳುವೆನೆಂಬ ಭರವಸೆಯಲ್ಲಿದ್ದ ಗೇಜ್, ಗೆಳೆಯರು ನೋಡಲು ಬರುವುದು ಬೇಡವೆಂದ.

ಆದರೆ ಮುಂದಿನ ದಿನಗಳು ಘೋರವಾದವು. ಜ್ವರ, ಕನವರಿಕೆ, ಮುಖದ ಊತ. ತಾಯಿಯೂ ಬಂಧುವೊಬ್ಬರೂ ಊರಿಂದ ಓಡಿ ಬಂದರು, ಇಬ್ಬರನ್ನೂ ಗುರುತಿಸಿದ. ಹತ್ತು ದಿನ ಕಳೆಯುವಷ್ಟರಲ್ಲಿ ಕರೆದರೂ ಹೌದು, ಅಲ್ಲ ಎನ್ನುವುದಕ್ಕಿಂತ ಹೆಚ್ಚು ಮಾತಿಲ್ಲದ ಸ್ಥಿತಿಗೆ ಇಳಿದ. ಶವಪೆಟ್ಟಿಗೆಯೂ ಸಿದ್ಧವಾಯಿತು. ಹಾರ್ಲೋ ಮಾತ್ರ ಕೈ ಬಿಡಲಿಲ್ಲ. ಹಣೆಯ ಚರ್ಮದಡಿ ಕೀವು ತುಂಬಿರುವುದನ್ನು ಕಂಡು ಕೊಯ್ದು ಹೊರಗೆ ಹರಿಸಿದರು. ಅಲ್ಲಿಂದ ತಿರುವು ಬಂತು. ಅಕ್ಟೋಬರ್ 7ರಂದು ಗೇಜ್ ತಾನೇ ಎದ್ದು ಒಂದು ಹೆಜ್ಜೆ ಇಟ್ಟು ಕುರ್ಚಿಗೆ ಬಂದ. ಪೆಟ್ಟು ಬಿದ್ದ ಹತ್ತು ವಾರಗಳಿಗೆ, ನವೆಂಬರ್ 25ರಂದು, ನ್ಯೂ ಹ್ಯಾಂಪ್‌ಷೈರಿನ ಲೆಬನಾನ್ ಎಂಬ ಊರಿನಲ್ಲಿದ್ದ ತಂದೆತಾಯಿಯರ ಮನೆ ಸೇರಿದ.

ಮನೆ ಸೇರಿದವನ ಎಡಗಣ್ಣು ಮಾತ್ರ ಮತ್ತೆ ಬೆಳಕು ಕಾಣಲಿಲ್ಲ. 1849ರ ಏಪ್ರಿಲ್‌ನಲ್ಲಿ ಹಾರ್ಲೋ ಅವನನ್ನು ಮತ್ತೆ ಪರೀಕ್ಷಿಸಿದರು. ಆಗ ಎಡಗಣ್ಣಿಗೆ ದೃಷ್ಟಿ ಇಲ್ಲ, ರೆಪ್ಪೆ ಜೋತುಬಿದ್ದು ಮುಚ್ಚಿಕೊಂಡಿದೆ, ಮುಖದ ಎಡಭಾಗಕ್ಕೆ ಅರೆ ಪಾರ್ಶ್ವವಾಯು ಬಡಿದಿದೆ, ನೆತ್ತಿಯಲ್ಲಿ ಒಂದು ತಗ್ಗು ಉಳಿದಿದೆ ಎಂದು ಬರೆದಿಟ್ಟರು. ಕಣ್ಣಗುಡ್ಡೆ ತನ್ನ ಜಾಗದಲ್ಲೇ ಇತ್ತು. ಕೆಟ್ಟದ್ದು ಅದರ ಹಿಂದಿನ ದಾರಿ.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ತಿಳಿದುಕೊಳ್ಳೋಣ. ನಾವು ಕಣ್ಣಿನಿಂದ ನೋಡುತ್ತೇವೆ ಎಂದುಕೊಂಡಿದ್ದೇವೆ. ಕಣ್ಣು ಮಾಡುವುದು ಅರ್ಧ ಕೆಲಸ. ಕಣ್ಣಿನ ಒಳಪದರಕ್ಕೆ ಬಿದ್ದ ಬೆಳಕು ನರದ ಮೂಲಕ ಹಿಂದಕ್ಕೆ ಸಾಗುತ್ತದೆ. ಎರಡು ಕಣ್ಣಿನ ನರಗಳು ನಡುದಾರಿಯಲ್ಲಿ ಕೂಡಿ, ಅರ್ಧರ್ಧ ಎಳೆಗಳನ್ನು ಅದಲುಬದಲು ಮಾಡಿಕೊಂಡು, ತಲೆಯ ಹಿಂಬದಿಯಲ್ಲಿರುವ ಮೆದುಳಿನ ಭಾಗವನ್ನು ಮುಟ್ಟುತ್ತವೆ. ಅಲ್ಲಿ ಮುಟ್ಟಿದ ಮೇಲೆಯೇ ನಮಗೆ ಮುಖ ಮುಖವಾಗಿ, ಮರ ಮರವಾಗಿ ಕಾಣುತ್ತದೆ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಯ ಹಿಂಬದಿಗೆ ಗುಂಡು ತಗುಲಿ ಬದುಕಿದ ಸೈನಿಕರನ್ನು ತತ್ಸುಜಿ ಇನೌಯೆ ಎಂಬ ಜಪಾನಿ ನೇತ್ರವೈದ್ಯರು ಪರೀಕ್ಷಿಸಿ, ಮೆದುಳಿನ ಯಾವ ಭಾಗಕ್ಕೆ ಪೆಟ್ಟಾದರೆ ನೋಟದ ಯಾವ ಭಾಗ ಹೋಗುತ್ತದೆಂದು ನಕ್ಷೆ ಮಾಡಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾರ್ಡನ್ ಹೋಮ್ಸ್ ಎಂಬ ವೈದ್ಯರು ಆ ಕೆಲಸವನ್ನು ಮುಂದುವರಿಸಿದರು.

ಆದುದರಿಂದ ತಲೆಗೆ ಪೆಟ್ಟಾದಾಗ ದೃಷ್ಟಿ ಹಲವು ರೀತಿಯಲ್ಲಿ ಕೆಡಬಹುದು. ಕಣ್ಣಿನ ಹಿಂದಿನ ನರ ಜಜ್ಜಿದರೆ ಆ ಒಂದು ಕಣ್ಣು ಹೋಗುತ್ತದೆ. ಹುಬ್ಬಿನ ಮೇಲೆ ಬಲವಾದ ಪೆಟ್ಟು ಬಿದ್ದರೂ ಹೀಗಾಗುವುದುಂಟು. ಕಣ್ಣನ್ನು ಹೊರಳಿಸುವ ನರಗಳಿಗೆ ಪೆಟ್ಟಾದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ತಲೆಯ ಹಿಂಬದಿಯ ಮೆದುಳಿನ ಒಂದು ಪಕ್ಕ ಕೆಟ್ಟರೆ ಎರಡು ಕಣ್ಣಿಗೂ ಎದುರಿನ ಲೋಕದ ಅರ್ಧಭಾಗ ಮಾಯವಾಗುತ್ತದೆ. ಎಡಮೆದುಳು ಕೆಟ್ಟವನಿಗೆ ಬಲಬದಿ ಕಾಣದು, ಬಲಮೆದುಳು ಕೆಟ್ಟವನಿಗೆ ಎಡಬದಿ ಕಾಣದು. ಇಂಥವರಿಗೆ ಎಷ್ಟು ದುಬಾರಿ ಚಸ್ಮಾ ಕೊಡಿಸಿದರೂ ಹೋದ ಭಾಗ ಬಾರದು. ಎಷ್ಟೋ ಸಲ ತನಗೆ ಅರ್ಧ ಕಾಣುತ್ತಿಲ್ಲವೆಂಬುದು ಅವರಿಗೇ ತಿಳಿದಿರುವುದಿಲ್ಲ. ಚೌಕಟ್ಟಿಗೆ ಹಾಯುವ ಮಗ, ಅರ್ಧ ತಟ್ಟೆ ಬಿಟ್ಟೇಳುವ ಗಂಡ, ಈಗ ನಿಮಗೆ ಅರ್ಥವಾದರೇ?

ಮರಳಿ ಗೇಜ್ ಕಡೆಗೆ ಬರೋಣ. ದೇಹಕ್ಕೆ ಬಲ ಬಂತು. ಹಳೆಯ ಮೇಸ್ತ್ರಿ ಕೆಲಸ ಕೊಡಿರೆಂದು ಗುತ್ತಿಗೆದಾರರ ಬಳಿ ಹೋದ. ಅವರು ಕೊಡಲಿಲ್ಲ. ಹಾರ್ಲೋ ಬರೆದಿರುವ ಪ್ರಕಾರ ಅವನ ಸ್ವಭಾವ ಬದಲಾಗಿತ್ತು. ಶಾಂತನಾಗಿದ್ದವನು ಮುಂಗೋಪಿಯಾಗಿದ್ದ, ಬಾಯಲ್ಲಿ ಬೈಗುಳ ಬರುತ್ತಿತ್ತು, ಹಿರಿಯರ ಮಾತಿಗೆ ಬೆಲೆ ಕೊಡುತ್ತಿರಲಿಲ್ಲ, ಇಂದು ಒಂದು ಯೋಜನೆ ಹಾಕಿ ನಾಳೆ ಬಿಡುತ್ತಿದ್ದ. ಅವನನ್ನು ಚೆನ್ನಾಗಿ ಬಲ್ಲವರು, ಇವನು ಹಿಂದಿನ ಗೇಜ್ ಅಲ್ಲವೇ ಅಲ್ಲ ಎಂದು ತೀರ್ಪು ಕೊಟ್ಟರು. ಅಂದು ಜನರು ಹೇಳಿದ ಆ ಮಾತನ್ನೇ ಇಂದೂ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ.

ಕೆಲಸವಿಲ್ಲದವನು ಹೊಟ್ಟೆಪಾಡಿಗೆ ಏನು ಮಾಡಬೇಕು? 1849ರ ಕೊನೆಗೆ ಹಾರ್ವರ್ಡ್‌ನ ಶಸ್ತ್ರವೈದ್ಯ ಪ್ರಾಧ್ಯಾಪಕ ಹೆನ್ರಿ ಬಿಗೆಲೋ ಅವನನ್ನು ಬೋಸ್ಟನ್ ನಗರಕ್ಕೆ ಕರೆಸಿ ವೈದ್ಯರ ಸಭೆಯಲ್ಲಿ ತೋರಿಸಿದರು, ಮುಖದ ಅಚ್ಚನ್ನೂ ತೆಗೆಸಿದರು. ಆಮೇಲೆ ಕೆಲವು ಕಾಲ ಅವನು ಊರೂರುಗಳಲ್ಲಿ ತನ್ನನ್ನೂ ತನ್ನ ಸಲಾಕೆಯನ್ನೂ ಜನರಿಗೆ ತೋರಿಸಿ ಹಣ ಪಡೆದ. ನ್ಯೂಯಾರ್ಕ್‌ನಲ್ಲಿ ಬಾರ್ನಮ್ ಎಂಬುವರ ಪ್ರದರ್ಶನಾಲಯದಲ್ಲಿಯೂ ನಿಂತ. ಆ ಸಲಾಕೆಯನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಗಾಯ ಕೊಟ್ಟ ಕಬ್ಬಿಣವೇ ಅವನ ಸಂಗಾತಿಯಾಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದೊಂದು ದುರಂತ ಎಂದು ಬಿಡಬಹುದಿತ್ತು. ಅನೇಕ ಪುಸ್ತಕಗಳು ಇಲ್ಲಿಗೇ ಮುಗಿಸಿಬಿಟ್ಟವು. ಅವನು ಕುಡುಕನಾದ, ಅಲೆಮಾರಿಯಾದ, ಯಾವ ಕೆಲಸಕ್ಕೂ ಬಾರದವನಾದ ಎಂದು ಒಬ್ಬರನ್ನು ನೋಡಿ ಒಬ್ಬರು ಬರೆದರು. ಅದಕ್ಕೆ ಆಧಾರ ಮಾತ್ರ ಇರಲಿಲ್ಲ. ಆಸ್ಟ್ರೇಲಿಯದ ಮನಶ್ಶಾಸ್ತ್ರಜ್ಞ ಮಾಲ್ಕಮ್ ಮ್ಯಾಕ್‌ಮಿಲನ್ ವರ್ಷಗಟ್ಟಲೆ ಹಳೆಯ ಕಾಗದಪತ್ರ ಹುಡುಕಿ, 2000ದಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅದರಿಂದ ಗೇಜ್‌ನ ಬದುಕಿನ ಉಳಿದ ಅರ್ಧ ಬೆಳಕಿಗೆ ಬಂತು.

ಆ ಅರ್ಧ ಹೀಗಿದೆ. ಗೇಜ್ ನ್ಯೂ ಹ್ಯಾಂಪ್‌ಷೈರಿನ ಹ್ಯಾನೋವರ್ ಎಂಬಲ್ಲಿ ಒಬ್ಬರ ಕುದುರೆ ಲಾಯದಲ್ಲಿ ಸುಮಾರು ಒಂದೂವರೆ ವರ್ಷ ದುಡಿದ. ಕುದುರೆಗಳ ಸಹವಾಸ ಅವನಿಗೆ ಒಗ್ಗಿತು. 1852ರ ಆಗಸ್ಟ್‌ನಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದ. ಅಲ್ಲಿ ಸಮುದ್ರತೀರದ ವಾಲ್ಪರೈಸೋ ನಗರಕ್ಕೂ ರಾಜಧಾನಿ ಸ್ಯಾಂಟಿಯಾಗೋಗೂ ನಡುವೆ ಓಡುವ ಸಾರೋಟು ನಡೆಸುವವನಾದ. ಆರು ಕುದುರೆಗಳನ್ನು ಕಟ್ಟಿದ, ಜನರೂ ಸಾಮಾನೂ ತುಂಬಿದ ದೊಡ್ಡ ಗಾಡಿ. ಸುಮಾರು 160 ಕಿಲೋಮೀಟರ್ ದಾರಿ. ರಸ್ತೆ ಕೆಟ್ಟದ್ದು. ಬೆಳಗಾಗುವುದಕ್ಕೆ ಮುನ್ನ ಎದ್ದು ಕುದುರೆಗಳ ಮೈ ಉಜ್ಜಿ, ಹಲ್ಲಣ ಬಿಗಿದು, ಹೊತ್ತಿಗೆ ಸರಿಯಾಗಿ ಗಾಡಿ ನಿಲ್ಲಿಸಿ, ಹಣ ಎಣಿಸಿ, ಪರದೇಶದ ಭಾಷೆಯ ಜನರೊಡನೆ ಸೌಜನ್ಯದಿಂದ ನಡೆದುಕೊಳ್ಳಬೇಕಾದ ಕೆಲಸ.

ಓದುಗರೇ, ಯೋಚಿಸಿ ನೋಡಿ. ಮೆದುಳಿನ ಮುಂಭಾಗ ಸೀಳಿಹೋದವನು, ಒಂದೇ ಕಣ್ಣಿನವನು. ಒಂದು ಕಣ್ಣು ಹೋದವನಿಗೆ ದೂರದ ಅಳತೆ ಸುಲಭವಾಗಿ ಸಿಗುವುದಿಲ್ಲ. ಲೋಟಕ್ಕೆ ನೀರು ಸುರಿಯುವುದೂ ಹೊಸದಾಗಿ ಕಲಿಯಬೇಕು. ಎಡಬದಿಗೆ ಏನು ಬರುತ್ತಿದೆಯೆಂದು ಕತ್ತು ತಿರುಗಿಸಿಯೇ ನೋಡಬೇಕು. ಅಂಥವನು ಆರು ಕುದುರೆಗಳ ಲಗಾಮು ಹಿಡಿದು ಪರನಾಡಿನ ದಾರಿಗಳಲ್ಲಿ ಜನರನ್ನು ಮುಟ್ಟಿಸುತ್ತಿದ್ದ. ಹ್ಯಾನೋವರ್ ಬಿಟ್ಟ ದಿನದಿಂದ ಲೆಕ್ಕ ಹಾಕಿದರೆ ಸುಮಾರು ಏಳು ವರ್ಷ ಅವನು ಹೊರನಾಡಿನಲ್ಲಿ ದುಡಿದ. ಚಿಲಿಯಲ್ಲಿ ಅವನನ್ನು ಬಲ್ಲ ಒಬ್ಬ ವೈದ್ಯರು, ಅವನ ಬುದ್ಧಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲವೆಂದು ಹೇಳಿದ ದಾಖಲೆ ಉಳಿದಿದೆ. ಅದು ಪೆಟ್ಟು ಬಿದ್ದ ಹತ್ತು ವರ್ಷಗಳ ನಂತರದ ಮಾತು.

ಇದು ಹೇಗೆ ಸಾಧ್ಯವಾಯಿತು? ಮ್ಯಾಕ್‌ಮಿಲನ್ ಮುಂತಾದವರ ಅಭಿಪ್ರಾಯ ಹೀಗಿದೆ: ಸಾರೋಟಿನ ಕೆಲಸಕ್ಕೆ ದಿನವೂ ಒಂದೇ ಕ್ರಮವಿತ್ತು. ಏಳುವ ಹೊತ್ತು, ಕುದುರೆ ಕಟ್ಟುವ ಹೊತ್ತು, ಹೊರಡುವ ಹೊತ್ತು, ಒಂದಾದ ಮೇಲೊಂದು ಕೆಲಸ. ಒಳಗೆ ಕಳೆದುಹೋದ ಹತೋಟಿಯನ್ನು ಹೊರಗಿನ ಈ ಕ್ರಮ ಮೆಲ್ಲಮೆಲ್ಲಗೆ ಮರಳಿ ಕಟ್ಟಿಕೊಟ್ಟಿತು. ಅವನನ್ನು ನಂಬಿ ಲಗಾಮು ಕೊಟ್ಟವರು ಇದ್ದರು. ಮೆದುಳಿನ ಗಾಯ ಪಡೆದವರನ್ನು ಇಂದು ಸಲಹುವವರು ಹೇಳುವುದೂ ಇದನ್ನೇ: ಕ್ರಮಬದ್ಧ ದಿನಚರಿ, ಸಣ್ಣ ಹೊಣೆ, ಸಹನೆಯ ಜನ.

2009ರಲ್ಲಿ ಇನ್ನೊಂದು ಅಚ್ಚರಿ ನಡೆಯಿತು. ಅಮೆರಿಕದ ದಂಪತಿಗಳ ಬಳಿ ಇದ್ದ ಹಳೆಯ ಛಾಯಾಚಿತ್ರವೊಂದು ಗೇಜ್‌ನದೆಂದು ಗುರುತಾಯಿತು. ತಿಮಿಂಗಿಲ ಬೇಟೆಗಾರನೆಂದು ಅವರು ತಿಳಿದಿದ್ದ ಆ ವ್ಯಕ್ತಿಯ ಕೈಯಲ್ಲಿ ಇದ್ದದ್ದು ಭರ್ಜಿಯಲ್ಲ, ಅದೇ ಸಲಾಕೆ. ಚಿತ್ರದಲ್ಲಿ ಹುಚ್ಚನಿಲ್ಲ, ಅಲೆಮಾರಿಯಿಲ್ಲ. ಒಪ್ಪವಾದ ಉಡುಪು, ಬಾಚಿದ ಕೂದಲು, ಮುಚ್ಚಿದ ಎಡಗಣ್ಣು, ನೇರವಾಗಿ ನೋಡುವ ಬಲಗಣ್ಣು, ಚೆಲುವಾದ ಮುಖ. ಒಂದೂವರೆ ಶತಮಾನ ಜನರು ಕೇಳಿದ್ದ ಗೇಜ್ ಬೇರೆ, ಚಿತ್ರದಲ್ಲಿ ಕಂಡ ಗೇಜ್ ಬೇರೆ.

1859ರ ಹೊತ್ತಿಗೆ ಅವನ ಆರೋಗ್ಯ ಕುಸಿಯಿತು. ತಾಯಿಯೂ ತಂಗಿಯೂ ಆಗ ಕ್ಯಾಲಿಫೋರ್ನಿಯದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದ್ದರು. ಅವರ ಬಳಿಗೆ ಬಂದು ಚೇತರಿಸಿಕೊಂಡು, ಸಮೀಪದ ಸಾಂಟಾ ಕ್ಲಾರಾದಲ್ಲಿ ಹೊಲದ ಕೆಲಸಕ್ಕೆ ಸೇರಿದ. ಒಡಹುಟ್ಟಿದವರ ಮಕ್ಕಳಿಗೆ ಬಣ್ಣಬಣ್ಣದ ಸಾಹಸದ ಕಥೆ ಹೇಳಿ ನಗಿಸುವುದು ಅವನಿಗೆ ಇಷ್ಟ. ಮಕ್ಕಳು, ಕುದುರೆ, ನಾಯಿ ಎಂದರೆ ಪ್ರಾಣ. ಇದನ್ನು ವೈದ್ಯರಿಗೆ ಹೇಳಿದವಳು ಅವನ ತಾಯಿ. 1860ರ ಫೆಬ್ರವರಿಯಲ್ಲಿ ಊಟ ಮಾಡುತ್ತಿದ್ದಾಗ ಮೊದಲ ಸಲ ಮೂರ್ಛೆ ಬಂತು. ಹನ್ನೊಂದು ವರ್ಷಗಳ ಹಿಂದಿನ ಗಾಯ ಮತ್ತೆ ಎದ್ದಿತ್ತು. ಮೂರ್ಛೆಗಳು ಹೆಚ್ಚಿದವು. ಮೇ 21ರಂದು ತಾಯಿಯ ಬಳಿಯೇ ಪ್ರಾಣ ಬಿಟ್ಟ. ಆಗ ಅವನಿಗೆ 36 ವರ್ಷ.

ಸುದ್ದಿ ತಡವಾಗಿ ತಿಳಿದ ಹಾರ್ಲೋ ತಾಯಿಗೆ ಪತ್ರ ಬರೆದು, ಮುಂದೆ ಇಂಥವರ ಉಪಚಾರಕ್ಕೆ ನೆರವಾಗಲೆಂದು ತಲೆಬುರುಡೆಯನ್ನು ಕೇಳಿದರು. ಕುಟುಂಬದವರು ಒಪ್ಪಿ, ಸಮಾಧಿ ತೆರೆಸಿ, ಬುರುಡೆಯನ್ನೂ ಸಲಾಕೆಯನ್ನೂ ಅವರಿಗೆ ತಲುಪಿಸಿದರು. 1868ರಲ್ಲಿ ಹಾರ್ಲೋ ಇಡೀ ವೃತ್ತಾಂತವನ್ನು ವೈದ್ಯರ ಸಂಘದ ಮುಂದೆ ಓದಿದರು. ಕೊನೆಯಲ್ಲಿ, ತಾನು ಪಟ್ಟಿ ಕಟ್ಟಿದೆನೇ ಹೊರತು ವಾಸಿ ಮಾಡಿದವನು ದೇವರು ಎಂಬ ಅರ್ಥದ, ಹಿಂದಿನ ಕಾಲದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರಾಸ್ ಪಾರೆಯ ಮಾತನ್ನು ನೆನೆದರು. ಬುರುಡೆಯೂ ಸಲಾಕೆಯೂ ಇಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ವಾರೆನ್ ಸಂಗ್ರಹದಲ್ಲಿವೆ. ಅದೇ ಬುರುಡೆಯ ಅಳತೆಗಳಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ವಿಜ್ಞಾನಿಗಳು, ಗಾಯ ಎಡಮೆದುಳಿಗೆ ಸೀಮಿತವಾಗಿತ್ತೆಂದೂ, ಮೆದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಎಳೆಗಳಲ್ಲಿ ಸುಮಾರು ಶೇಕಡಾ 11ರಷ್ಟು ಹಾಳಾಗಿದ್ದಿರಬಹುದೆಂದೂ 2012ರಲ್ಲಿ ಅಂದಾಜಿಸಿದರು.

ಈಗ ನಮ್ಮ ಮುಂದಿರುವ ಪ್ರಶ್ನೆಗೆ ಬರುತ್ತೇನೆ. ಮೆದುಳಿಗೆ ಗಾಯವಾದಾಗ ಮನುಷ್ಯನೇ ಹೊರಟುಹೋಗುತ್ತಾನೆಯೇ? ಆತ್ಮವು ತಲೆಬುರುಡೆಯ ಒಂದು ಕೋಣೆಯಲ್ಲಿ ಕುಳಿತಿರುವ ಬಾಡಿಗೆದಾರನಲ್ಲ. ಸಂತ ಥಾಮಸ್ ಅಕ್ವಿನಾಸರು ಕಲಿಸಿದಂತೆ ಅದು ಇಡೀ ದೇಹಕ್ಕೆ ಜೀವ ಕೊಡುವಂಥದು. ವೀಣೆಯ ತಂತಿ ಹರಿದರೆ ಸ್ವರ ಕೆಡುತ್ತದೆ. ಅದರಿಂದ ವೈಣಿಕ ಸತ್ತನೆಂದು ಯಾರೂ ಹೇಳುವುದಿಲ್ಲ. ಗಾಯಗೊಂಡವನ ಬಾಯಿಂದ ಬಂದ ಬಿರುನುಡಿಯನ್ನು ಆರೋಗ್ಯವಂತನ ಪಾಪದ ತಕ್ಕಡಿಯಲ್ಲಿ ತೂಗಬೇಡಿ. ಸ್ವಾತಂತ್ರ್ಯ ಕುಗ್ಗಿದಲ್ಲಿ ಹೊಣೆಯೂ ಕುಗ್ಗುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಇಷ್ಟು ಹೇಳಿದ ಮೇಲೂ ಒಂದು ಮಾತು ಒಪ್ಪಬೇಕು: ಆ ಬಿರುನುಡಿಯನ್ನು ದಿನವೂ ಕೇಳುವ ಹೆಂಡತಿಯ ಕಿವಿಗೂ ನೋವಾಗುತ್ತದೆ. ಅವಳಿಗೆ ಬರೀ ತಾಳ್ಮೆಯ ಉಪದೇಶ ಸಾಲದು. ವಾರಕ್ಕೆ ಒಂದು ಮಧ್ಯಾಹ್ನ ಅವನ ಬಳಿ ಕುಳಿತು ಅವಳಿಗೆ ಬಿಡುವು ಕೊಡುವ ಸಂಬಂಧಿಕರು, ನೆರೆಯವರು ಬೇಕು.

ಶುಭಸಂದೇಶದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗ ನಿಮಗೆ ನೆನಪಿರಬಹುದು. ಪ್ರಭು ಮೊದಲು ಮುಟ್ಟಿದಾಗ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಪ್ರಭು ಅವನನ್ನು ಅಷ್ಟಕ್ಕೇ ಬಿಡದೆ ಎರಡನೆಯ ಸಲ ಕೈಯಿಟ್ಟರು. ಗುಣವಾಗುವುದಕ್ಕೆ ಒಮ್ಮೊಮ್ಮೆ ಎರಡನೆಯ ಸ್ಪರ್ಶ ಬೇಕಾಗುತ್ತದೆ. ಆಸ್ಪತ್ರೆ ಮೊದಲ ಸ್ಪರ್ಶ ಕೊಡುತ್ತದೆ. ಎರಡನೆಯದನ್ನು ಮನೆ ಕೊಡಬೇಕು.

ಅದು ಹೇಗೆಂದು ಕೇಳುವಿರಾದರೆ, ಕೆಲವು ಸರಳ ಸಂಗತಿಗಳು. ತಲೆಗೆ ಪೆಟ್ಟು ಬಿದ್ದವರು ಮೇಲೆ ಚೆನ್ನಾಗಿ ಕಂಡರೂ, ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಎರಡು ಕಣ್ಣಿನ ಪಾಪೆಗಳಲ್ಲಿ ಸಣ್ಣ ದೊಡ್ಡ ವ್ಯತ್ಯಾಸ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿನ ನೋಟವನ್ನು ವೈದ್ಯರಿಂದ ಬೇರೆಯಾಗಿ ಪರೀಕ್ಷೆ ಮಾಡಿಸಿ. ಒಂದೊಂದೇ ಕಣ್ಣು ಮುಚ್ಚಿಸಿ, ನಾಲ್ಕೂ ಬದಿ ಕಾಣುತ್ತದೆಯೇ ಎಂದು ನೋಡಲು ಹೇಳಿ. ಅರ್ಧನೋಟ ಹೋದವರಿಗೆ ಕಾಣದ ಬದಿಗೆ ಕತ್ತು ತಿರುಗಿಸಿ ನೋಡುವ ಅಭ್ಯಾಸವನ್ನು ದಿನವೂ ಮಾಡಿಸಬೇಕು. ಮಾತನಾಡುವಾಗ ಕಾಣುವ ಬದಿಗೆ ನಿಲ್ಲಿ. ಮನೆಯ ಸಾಮಾನುಗಳ ಜಾಗ ಪದೇಪದೇ ಬದಲಿಸಬೇಡಿ. ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಬಳಿಯಿರಿ. ವೈದ್ಯರು ಒಪ್ಪುವವರೆಗೆ ಬೈಕಿನ ಕೀಲಿ ಕೊಡಬೇಡಿ. ವರ್ಷಗಳ ನಂತರವೂ ಮೂರ್ಛೆ ಬರಬಹುದೆಂಬುದು ನೆನಪಿರಲಿ. ಗೇಜ್‌ನ ಕಾಲದಲ್ಲಿ ಇಲ್ಲದ ಔಷಧಿ ಇಂದು ಇದೆ.

ದಾರಿಯಲ್ಲಿ ಬಿದ್ದವರನ್ನು ಕಂಡರೆ 108ಕ್ಕೆ ಕರೆ ಮಾಡಿ. ಪೊಲೀಸು, ಕೋರ್ಟು ಎಂಬ ಭಯದಿಂದ ದಾಟಿಹೋಗಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು ವಿಳಾಸ ಹೇಳಲೇಬೇಕೆಂದು ಅವರನ್ನು ಬಲವಂತ ಮಾಡುವಂತಿಲ್ಲ. ಇಂಗ್ಲಿಷಿನಲ್ಲಿ ಕಾನೂನು ಅವರಿಗೆ ಕೊಟ್ಟ ಹೆಸರೇ ಸಮಾರಿಯದವನದು. ಎತ್ತಿನ ಗಾಡಿಯಲ್ಲಿ ಗೇಜ್‌ನನ್ನು ಕೂರಿಸಿಕೊಂಡು ಬಂದವರ ಹೆಸರು ನಮಗೆ ತಿಳಿದಿಲ್ಲ. ಅವರು ದಾಟಿಹೋಗಿದ್ದರೆ ಹಾರ್ಲೋ ಏನೂ ಮಾಡಲಾಗುತ್ತಿರಲಿಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಒಕ್ಕಣ್ಣನ ಮುಖ ಕಂಡರೆ ಅಪಶಕುನ ಎನ್ನುವ ಕೆಟ್ಟ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಇದೇ ನೆಲದ ಹಾನಗಲ್ ತಾಲೂಕಿನಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಎರಡೂ ಕಣ್ಣು ಇರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅವರು ಸಂಗೀತವಿದ್ಯೆ ಕೊಟ್ಟು ದಾರಿ ತೋರಿದರು. ಚಿಲಿಯ ಪ್ರಯಾಣಿಕರು ಏಳು ವರ್ಷದ ಅವಧಿಯಲ್ಲಿ ಒಂದೇ ಕಣ್ಣಿನ ಸಾರಥಿಯನ್ನು ನಂಬಿ ಗಾಡಿ ಹತ್ತಿದರು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ತಲೆಗೆ ಪೆಟ್ಟು ಬಿದ್ದು ದೃಷ್ಟಿ ಕಳೆದುಕೊಂಡವರು ಇದ್ದರೆ, ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಮನೆಗೆ ಹೋಗಿ ಬನ್ನಿ. ಹೆಸರು ಹಿಡಿದು ಕರೆಯಿರಿ. ಅವರ ಕೈಲಾಗುವ ಒಂದು ಕೆಲಸವನ್ನು ನಂಬಿ ಅವರ ಕೈಗೆ ಕೊಡಿ. ಹೋಗುವಾಗ ಬೈಕಿನಲ್ಲಿ ಹೋಗುವುದಾದರೆ, ದಯವಿಟ್ಟು ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳಿ. ಹಿಂದೆ ಕೂರುವವರಿಗೂ ಒಂದಿರಲಿ.